ಕೊನೆಯ ಹನಿಯ ಲೆಕ್ಕ

ನನ್ನ ಬರೆಯುವ ಮೇಜಿನ ಮೇಲೆ ಒಂದು ಖಾಲಿ ಶಾಯಿ ಬಾಟಲಿ ಇದೆ. ದಪ್ಪ ಗಾಜಿನದು, ಕೈಗೆ ತೂಕ ಹತ್ತುವಂಥದು. ಬೆಳಕಿಗೆ ಹಿಡಿದರೆ ತಳದ ನಡುವೆ ಒಂದು ಪುಟ್ಟ ಗುಳಿ ಕಾಣುತ್ತದೆ. ಗೋಲಿ ಆಡುವ ಮಕ್ಕಳು ನೆಲದಲ್ಲಿ ಹಿಮ್ಮಡಿ ಊರಿ ತಿರುಗಿಸಿ ಮಾಡುತ್ತಾರಲ್ಲ, ಅಂಥದೇ ಗುಳಿ. ಶಾಯಿ ಮುಗಿಯುತ್ತ ಬಂದಂತೆ ಉಳಿದದ್ದೆಲ್ಲ ಜಾರಿ ಆ ಗುಳಿಗೆ ಬಂದು ನಿಲ್ಲುತ್ತದೆ. ನಿಬ್ಬನ್ನು ಅಲ್ಲಿಗೆ ಇಳಿಸಿದರೆ ಹೆಚ್ಚುಕಡಿಮೆ ಕೊನೆಯ ಹನಿಯವರೆಗೂ ಎಳೆದುಕೊಳ್ಳಬಹುದು. ಇದು ಜಪಾನಿನ ಪೈಲಟ್ ಕಂಪನಿಯ ಇರೋಶಿಝುಕು ಎಂಬ ಶಾಯಿಯ ಬಾಟಲಿ. ಜಪಾನಿ ಭಾಷೆಯಲ್ಲಿ ಇರೋ ಎಂದರೆ ಬಣ್ಣ, ಶಿಝುಕು ಎಂದರೆ ಹನಿ. ಹೆಸರಿನಲ್ಲೂ ಹನಿ, ಬಾಟಲಿಯ ತಳದಲ್ಲೂ ಹನಿಯ ಚಿಂತೆ.

ಇಂಥ ಶಾಯಿಯನ್ನು ಆರಿಸಿಕೊಳ್ಳುವುದು ಹೇಗೆ, ಕಡಲಾಚೆಯಿಂದ ತರಿಸಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ನನ್ನ ಮಾತು. ಇಂಕ್ ಪೆನ್ನಿನಲ್ಲಿ ಬರೆಯುವವರು ಈಗಲೂ ನಮ್ಮ ನಡುವೆ ಇದ್ದಾರೆ. ದಿನಚರಿ ಬರೆಯುವವರು, ಪತ್ರದ ರೂಢಿ ಬಿಡದವರು, ಅಕ್ಷರ ದುಂಡಗಾಗಲಿ ಎಂದು ಮಗುವಿಗೆ ಹಟ ಹಿಡಿದು ಇಂಕ್ ಪೆನ್ನನ್ನೇ ಕೊಡಿಸುವವರು. ಅವರಲ್ಲಿ ಹಲವರಿಗೆ ಇಂದು ಜಪಾನಿನ ಶಾಯಿಯ ಮೇಲೆ ಮನಸ್ಸು. ಆ ಆಸೆಯನ್ನು ನಾನು ಗೌರವಿಸುತ್ತೇನೆ, ಅದು ನನ್ನದೂ ಹೌದು. ಆದರೆ ಹದಿನೈದು ವರ್ಷದಿಂದ ಈ ಶಾಯಿಗಳನ್ನು ಬಳಸಿ ನಾನು ಕಲಿತ ಪಾಠ ಇದು: ಬಣ್ಣ ಕಣ್ಣಿಗೆ ಮೊದಲು ಬೀಳುತ್ತದೆ, ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಮಾತ್ರ ಅದಕ್ಕೆ ಕೊನೆಯ ಸ್ಥಾನ. ಏನು ಬರೆಯುತ್ತೇನೆ, ಯಾವ ಪೆನ್ನಿನಲ್ಲಿ, ಎಂಥ ಕಾಗದದ ಮೇಲೆ, ಎಷ್ಟು ಬರೆಯುತ್ತೇನೆ? ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಬಣ್ಣದ ಸರದಿ.

ಮೊದಲು ಆ ದೇಶದ ಕಡೆ ಸ್ವಲ್ಪ ನೋಡೋಣ. ಜಪಾನಿನಲ್ಲಿ ಇಂಕ್ ಪೆನ್ನಿಗೆ ಮನ್ನೆನ್‌ಹಿತ್ಸು ಎನ್ನುತ್ತಾರೆ. ಬಿಡಿಸಿ ಹೇಳಿದರೆ ಹತ್ತು ಸಾವಿರ ವರ್ಷದ ಕುಂಚ. ಕುಂಚದಲ್ಲಿ ಬರೆಯುತ್ತಿದ್ದ ಜನ ಹೊರಗಿನಿಂದ ಬಂದ ಪೆನ್ನನ್ನೂ ಕುಂಚದ ಮನೆತನಕ್ಕೇ ಸೇರಿಸಿಕೊಂಡರು. ಅಲ್ಲಿ ಮೂರು ಹಳೆಯ ಕಂಪನಿಗಳಿವೆ. ಸೈಲರ್ 1911ರಲ್ಲಿ ಹಿರೋಶಿಮಾ ಪ್ರಾಂತದ ಕುರೆ ಎಂಬ ಬಂದರು ಊರಿನಲ್ಲಿ ಶುರುವಾಯಿತು. ಪೈಲಟ್ 1918ರಲ್ಲಿ ನಾಮಿಕಿ ಎಂಬ ಹೆಸರಿನಲ್ಲಿ ಹುಟ್ಟಿತು. ಪ್ಲಾಟಿನಂ 1919ರದು. ಮೂರೂ ನೂರು ವರ್ಷ ದಾಟಿದ ಮನೆಗಳು, ಮೂರೂ ಪೆನ್ನಿನ ಜೊತೆಗೆ ಶಾಯಿಯನ್ನೂ ಮಾರುತ್ತವೆ.

ಬಹಳ ಕಾಲ ಅಲ್ಲಿಯೂ ನಮ್ಮಲ್ಲಿದ್ದಂತೆಯೇ ಕಪ್ಪು, ನೀಲಿ, ನೀಲಿಗಪ್ಪು, ಕೆಂಪು ಇವೇ ಶಾಯಿಗಳು. 2007ರಲ್ಲಿ ಪೈಲಟ್ ಇರೋಶಿಝುಕು ಸಾಲನ್ನು ತಂದಿತು, ಆಮೇಲೆ ಬಣ್ಣಗಳ ಸಂಖ್ಯೆ ಇಪ್ಪತ್ತನ್ನು ದಾಟಿತು. ಹೆಸರುಗಳೆಲ್ಲ ಮಣ್ಣು, ಮರ, ಮಳೆ, ಆಕಾಶದಿಂದ ಬಂದವು. ತ್ಸುಕಿಯೊ ಎಂದರೆ ಬೆಳದಿಂಗಳ ರಾತ್ರಿ. ತಾಕೆಸುಮಿ ಎಂದರೆ ಬಿದಿರಿನ ಇದ್ದಿಲು. ಯೂಯಾಕೆ ಎಂದರೆ ಸಂಜೆಗೆಂಪು. ಹೊತಾರುಬಿ ಎಂದರೆ ಮಿಣುಕುಹುಳದ ಬೆಳಕು. ಕಿರಿಸಾಮೆ ಎಂಬ ಬೂದು ಬಣ್ಣವೂ ಇತ್ತು, ಕಿರಿ ಎಂದರೆ ಮಂಜು, ಸಮಾಸದಲ್ಲಿ ಬರುವ ಸಾಮೆ ಎಂದರೆ ಮಳೆ. ಇಂಗ್ಲಿಷಿನಲ್ಲಿ ಇದಕ್ಕೆ ಶರತ್ಕಾಲದ ಮಳೆ ಎಂದು ಹೆಸರಿಟ್ಟಿದ್ದರು. ನನಗೆ ಮಾತ್ರ ನಮ್ಮ ಸೋನೆ ಎಂಬ ಮಾತೇ ಹತ್ತಿರದ್ದು ಅನ್ನಿಸುತ್ತದೆ. ಆಷಾಢದ ಧಾರವಾಡದಲ್ಲಿ ಕಿಟಕಿಯಾಚೆ ಇಡೀ ದಿನ ಜಿನುಗುವ ಸೋನೆಗೆ ಇರುವ ಬಣ್ಣವೇ ಅದು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಈ ಸಾಲಿನಲ್ಲಿ ತ್ಸುಯುಕುಸಾ ಎಂಬ ನೀಲಿ ಇದೆ. ತ್ಸುಯು ಎಂದರೆ ಇಬ್ಬನಿ, ಕುಸಾ ಎಂದರೆ ಹುಲ್ಲು. ಬೆಳಗ್ಗೆ ಅರಳಿ ಹೊತ್ತೇರುವಷ್ಟರಲ್ಲಿ ಮುದುಡುವ ಪುಟ್ಟ ನೀಲಿ ಹೂವಿನ ಗಿಡ. ಜಪಾನಿನ ಯೂಝೆನ್ ಬಟ್ಟೆಯ ಬಣ್ಣಗಾರರು ರೇಷ್ಮೆಯ ಮೇಲೆ ಚಿತ್ರದ ಮೊದಲ ಗೆರೆ ಎಳೆಯುತ್ತಿದ್ದದ್ದು ಇದೇ ಜಾತಿಯ ಹೂವಿನ ರಸದಿಂದ. ಕಾರಣ, ಆ ನೀಲಿ ನೀರು ತಾಗಿದರೆ ತೊಳೆದು ಹೋಗುತ್ತದೆ. ಗೆರೆಯ ಕೆಲಸ ಮುಗಿದ ಮೇಲೆ ಅದರ ಗುರುತು ಉಳಿಯಬಾರದು. ಅಳಿಯುವುದೇ ಆ ಬಣ್ಣದ ಗುಣ.

ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ನೀವು ಬರೆಯುವುದು ಅಳಿಯಬಹುದಾದದ್ದೇ, ಉಳಿಯಬೇಕಾದದ್ದೇ?

ಶಾಯಿಯಲ್ಲಿ ಮುಖ್ಯವಾಗಿ ಮೂರು ಕುಲ. ಒಂದು, ನೀರಿನಲ್ಲಿ ಪೂರ್ತಿ ಕರಗಿದ ಬಣ್ಣದ ಶಾಯಿ. ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ ಬಣ್ಣ ಕರಗಿರುತ್ತದೆ. ಇದಕ್ಕೆ ಜಪಾನಿಯಲ್ಲಿ ಸೆನ್ರ್ಯೋ ಎನ್ನುತ್ತಾರೆ. ಅಲ್ಲಿಯ ಚಂದದ ಬಣ್ಣಗಳಲ್ಲಿ ಬಹುಪಾಲು ಈ ಕುಲದವು. ಪೆನ್ನಿಗೆ ಇವು ಮೃದು, ನೀರಿನಲ್ಲಿ ತೊಳೆದರೆ ಪೆನ್ನು ಸಲೀಸಾಗಿ ಶುಚಿಯಾಗುತ್ತದೆ. ಆದರೆ ಬರೆದ ಹಾಳೆಯ ಮೇಲೆ ನೀರು ಚೆಲ್ಲಿದರೆ ಬರಹ ಕದಡುತ್ತದೆ, ಬಿಸಿಲಿಗೆ ಬಿಟ್ಟರೆ ತಿಂಗಳುಗಳಲ್ಲಿ ಮಂಕಾಗುತ್ತದೆ.

ಎರಡನೆಯದು ಗಾನ್ರ್ಯೋ. ಇದರಲ್ಲಿ ಬಣ್ಣ ಕರಗಿರುವುದಿಲ್ಲ, ಅತಿ ಸಣ್ಣ ಪುಡಿಯಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆರಿದ ಮೇಲೆ ಪುಡಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಪ್ಲಾಟಿನಂ ಕಂಪನಿಯ ಕಾರ್ಬನ್ ಬ್ಲಾಕ್, ಸೈಲರ್‌ನ ಕಿವಗುರೋ ಎಂಬ ಕಪ್ಪು, ಸೇಯ್‌ಬೊಕು ಎಂಬ ನೀಲಿಗಪ್ಪು ಈ ಜಾತಿಯವು. ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಲಕೋಟೆಯ ಮೇಲಿನ ವಿಳಾಸಕ್ಕೆ, ಮನೆಯ ದಾಖಲೆಗೆ, ಚಿತ್ರದ ಗೆರೆಗೆ ಇವೇ ಸರಿ. ಆದರೆ ಇವನ್ನು ಪೆನ್ನಿನಲ್ಲಿ ಒಣಗಲು ಬಿಡಬಾರದು. ಒಂದು ಬೇಸಿಗೆಯಲ್ಲಿ ನಾನು ಪುಡಿಶಾಯಿ ತುಂಬಿದ ಪೆನ್ನನ್ನು ಮರೆತು ಊರಿಗೆ ಹೋದೆ. ಮರಳಿ ಬರುವಾಗ ಒಂದೂವರೆ ತಿಂಗಳಾಗಿತ್ತು. ನಿಬ್ಬಿನ ಸೀಳಿನೊಳಗೆ ಶಾಯಿ ಕರಿಯ ತೊಗಟೆಯಾಗಿ ಕೂತಿತ್ತು. ನೀರಿನಲ್ಲಿ ನೆನೆಸಿ, ಊದಿ, ಮತ್ತೆ ನೆನೆಸಿ, ನಾಲ್ಕು ದಿನದ ಮೇಲೆ ಪೆನ್ನು ಬಾಯಿಬಿಟ್ಟಿತು. ದಿನವೂ ಬರೆಯುವ ಪೆನ್ನಿಗೆ ಮಾತ್ರ ಈ ಶಾಯಿ ಹಾಕಿ ಎಂಬುದು ಅಂದಿನಿಂದ ನಾನು ಪಾಲಿಸುವ ನಿಯಮ.

ಸೆನ್ರ್ಯೋ, ಗಾನ್ರ್ಯೋ: ಜಪಾನಿನಿಂದ ಶಾಯಿ ತರಿಸುವವರು ಈ ಎರಡು ಮಾತನ್ನು ಬಾಯಿಪಾಠ ಮಾಡಿಕೊಂಡರೆ ಸಾಕು, ಅರ್ಧ ದಾರಿ ನಡೆದಂತೆ.

ಮೂರನೆಯ ಕುಲ ಹಳೆಯದು, ನನಗೆ ಬಹಳ ಪ್ರೀತಿಯದು. ಕಬ್ಬಿಣದ ಲವಣವನ್ನೂ ಒಗರಿನ ಅಂಶವನ್ನೂ ಕೂಡಿಸಿ ಮಾಡುವ ಶಾಯಿ. ಬಾಳೆಕಾಯಿಯನ್ನು ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದವರ ಬೆರಳು ಕಪ್ಪಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಕಾಯಿಯ ಒಗರು ಕಬ್ಬಿಣಕ್ಕೆ ಸೇರಿ, ಗಾಳಿ ತಾಗಿ ಹುಟ್ಟುವ ಕಪ್ಪು ಅದು. ಸೋಪಿಗೂ ಬೇಗ ಬಗ್ಗುವುದಿಲ್ಲ. ಈ ಶಾಯಿಯಲ್ಲಿ ನಡೆಯುವುದೂ ಅದೇ. ಪ್ಲಾಟಿನಂ ಕಂಪನಿಯ ನೀಲಿಗಪ್ಪು ಶಾಯಿ ಇಂಥದು. 2017ರಲ್ಲಿ ಅದೇ ಕಂಪನಿ ಇದೇ ವಿಧಾನದಲ್ಲಿ ಕ್ಲಾಸಿಕ್ ಇಂಕ್ ಎಂಬ ಹೆಸರಿನಲ್ಲಿ ಆರು ಬಣ್ಣ ತಂದಿತು. ಅದರಲ್ಲಿ ಸಿಟ್ರಸ್ ಬ್ಲಾಕ್ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ನಿಬ್ಬಿನಿಂದ ಇಳಿಯುವಾಗ ಅದು ಹಣ್ಣಾದ ನಿಂಬೆಯ ಹಳದಿ. ಓದಲು ಬರುತ್ತದೋ ಇಲ್ಲವೋ ಎಂಬಷ್ಟು ತಿಳಿ. ಒಂದು ಸಾಲು ಬರೆದು ಕೈ ನಿಲ್ಲಿಸಿ. ಎರಡನೆಯ ಶಬ್ದಕ್ಕೆ ಬರುವಷ್ಟರಲ್ಲಿ ಮೊದಲ ಶಬ್ದದ ಅಂಚು ಮಬ್ಬಾಗಿರುತ್ತದೆ. ಸಾಲು ಆರುತ್ತ ಆರುತ್ತ ಹಳದಿ ಹಸಿರಿಗೆ ತಿರುಗಿ, ಉಪ್ಪಿನಲ್ಲಿಟ್ಟ ಮಾವಿನಮಿಡಿಯ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಸಾಲಿನ ಮೊದಲ ಅಕ್ಷರ ಹಳತಾಗಿ, ಕೊನೆಯದು ಇನ್ನೂ ಹಸುಗೂಸಾಗಿ, ಒಂದೇ ಸಾಲಿನಲ್ಲಿ ಕಾಲ ಸರಿಯುವುದು ಕಾಣುತ್ತದೆ. ಮೊಮ್ಮಗಳಿಗೆ ತೋರಿಸಿದಾಗ ಅವಳು ಹಾಳೆಯ ಮೇಲೆ ಬಗ್ಗಿ ಉಸಿರು ಬಿಗಿಹಿಡಿದು ನೋಡಿದಳು.

ಈ ಶಾಯಿಗೂ ಶಿಸ್ತು ಬೇಕು. ಇದರಲ್ಲಿ ಹುಳಿಯ ಅಂಶ ಇರುವುದರಿಂದ ಸ್ಟೀಲ್ ನಿಬ್ಬಿನಲ್ಲಿ ವಾರಗಟ್ಟಲೆ ಬಿಟ್ಟಿರಬಾರದು. ಆಗಾಗ ಬರೀ ನೀರಿನಿಂದ ತೊಳೆಯಬೇಕು. ಬೇರೆ ಶಾಯಿಯ ಜೊತೆ ಬೆರೆಸಲೇಬಾರದು.

ಇಲ್ಲೇ ಒಂದು ಎಚ್ಚರಿಕೆಯ ಮಾತು. ಜಪಾನಿನಲ್ಲಿ ಸುಮಿ ಎಂಬ ಇನ್ನೊಂದು ಶಾಯಿ ಇದೆ. ಅದು ಕುಂಚದ ಬರಹಕ್ಕೆ. ಎಣ್ಣೆಯ ದೀಪದ ಕಾಡಿಗೆಯನ್ನು ಪ್ರಾಣಿಯ ಅಂಟಿನಲ್ಲಿ ಕಲಸಿ ಕಡ್ಡಿ ಮಾಡಿ ಒಣಗಿಸುತ್ತಾರೆ. ನಾರಾ ಎಂಬ ಹಳೆಯ ರಾಜಧಾನಿಯಲ್ಲಿ 1577ರಲ್ಲಿ ಶುರುವಾದ ಕೊಬೈಯೆನ್ ಎಂಬ ಅಂಗಡಿ ಈಗಲೂ ಇದನ್ನು ಮಾಡುತ್ತಿದೆ. ಸೆಕೆಯಲ್ಲಿ ಅಂಟು ಕೆಡುತ್ತದೆಂದು ಚಳಿಯ ತಿಂಗಳುಗಳಲ್ಲೇ ಇದರ ತಯಾರಿ. ಅದು ಬಹಳ ದೊಡ್ಡ ಕಲೆ. ಆದರೆ ಕುಂಚಕ್ಕೆಂದು ಬಾಟಲಿಯಲ್ಲಿ ಮಾರುವ ಈ ಮಸಿಯನ್ನು ಜಪಾನಿನ ಶಾಯಿ ಎಂಬ ಒಂದೇ ಕಾರಣಕ್ಕೆ ತರಿಸಿ ಇಂಕ್ ಪೆನ್ನಿಗೆ ತುಂಬಿದರೆ ಅಂಟು ಪೆನ್ನಿನೊಳಗೆ ಕೂತು ಪೆನ್ನು ಹಾಳಾಗುತ್ತದೆ. ಬಾಟಲಿಯ ಮೇಲೆ ಮನ್ನೆನ್‌ಹಿತ್ಸುವಿಗೆ ಎಂದು ಇದೆಯೇ? ಅದನ್ನು ಮಾರುವವರಿಂದ ಖಚಿತ ಮಾಡಿಕೊಳ್ಳದೆ ಹಣ ಕಳಿಸಬೇಡಿ.

ಇನ್ನು ಪೆನ್ನು, ಕಾಗದ. ಜಪಾನಿನ ಅಕ್ಷರಗಳಲ್ಲಿ ಕೆಲವಕ್ಕೆ ಹದಿನೈದು, ಇಪ್ಪತ್ತು ಗೆರೆಗಳು. ಅಷ್ಟನ್ನೂ ಒಂದು ಪುಟ್ಟ ಚೌಕದೊಳಗೆ ಕೂರಿಸಬೇಕು. ಹಾಗಾಗಿ ಅಲ್ಲಿಯ ಸಣ್ಣ ನಿಬ್ಬು ಎಂದರೆ ನಿಜಕ್ಕೂ ಸಣ್ಣದು, ಯುರೋಪಿನ ಸಣ್ಣ ನಿಬ್ಬಿಗಿಂತ ಒಂದು ಮೆಟ್ಟಿಲು ತೆಳು. ಅಂಥ ನಿಬ್ಬಿಗೆ ತಿಳಿಬಣ್ಣದ ಶಾಯಿ ಹಾಕಿದರೆ ಬರಹ ಜೇಡರ ಬಲೆಯ ಎಳೆಯಂತೆ ಕಂಡೂ ಕಾಣದಂತಿರುತ್ತದೆ. ತೆಳು ನಿಬ್ಬಿಗೆ ಗಾಢ ಬಣ್ಣ, ಧಾರಾಳವಾಗಿ ಹರಿಯುವ ಶಾಯಿ ಒಳ್ಳೆಯದು. ದಪ್ಪ ನಿಬ್ಬಿದ್ದರೆ ತಿಳಿಬಣ್ಣವೂ ಚೆಂದ, ಏಕೆಂದರೆ ಗೆರೆಯೊಳಗೇ ನೆರಳು-ಬೆಳಕು ಕಾಣುತ್ತದೆ.

ನಮ್ಮ ಲಿಪಿಯ ಕಥೆ ಬೇರೆ. ಕನ್ನಡ ಅಕ್ಷರ ದುಂಡು. ಕೈ ಎತ್ತದೆ ಬಳಸಿ ಬಳಸಿ ಬರುವ ಗೆರೆ. ಸುರುಳಿ ಮುಗಿಯುವ ತುದಿಯಲ್ಲಿ ಶಾಯಿ ಒಂದಿಷ್ಟು ಹೆಚ್ಚು ನಿಲ್ಲುತ್ತದೆ, ಅಲ್ಲಿ ಬಣ್ಣ ಗಟ್ಟಿಯಾಗುತ್ತದೆ. ಹಾಗಾಗಿ ನೆರಳು-ಬೆಳಕಿನ ಶಾಯಿ ಕನ್ನಡದಲ್ಲಿ ಬಹಳ ಸೊಗಸಾಗಿ ಕಾಣುತ್ತದೆ. ಆದರೆ ಶಾಯಿ ಕಾಗದದಲ್ಲಿ ಹಬ್ಬುವಂಥದಾದರೆ ನಮ್ಮ ಲಿಪಿಗೆ ಆಗುವ ಹಾನಿಯೂ ಹೆಚ್ಚು. ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಠ ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಮುಚ್ಚಿಹೋಗುತ್ತದೆ. ಥ ಯಾವುದು, ಧ ಯಾವುದು ತಿಳಿಯುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ನಮಗೆ ಅಕ್ಷರ ತಿದ್ದಿಸಿದ ಮೇಷ್ಟ್ರು ಪಾಠ ಎಂಬ ಶಬ್ದ ಬರೆಸಿ, ಚುಕ್ಕೆ ಕಾಣದ ಠ ಠ ಅಲ್ಲ ಎನ್ನುತ್ತಿದ್ದರು. ಹೊಸ ಶಾಯಿ ಬಂದಾಗಲೆಲ್ಲ ನಾನು ಮೊದಲು ಬರೆಯುವುದು ಎರಡೇ ಶಬ್ದ: ಕಠಿಣ ಪಥ. ದಿನವೂ ಬಳಸುವ ಸಾದಾ ನೋಟ್‌ಬುಕ್ಕಿನಲ್ಲಿ, ದಿನವೂ ಬಳಸುವ ಪೆನ್ನಿನಲ್ಲಿ ಬರೆಯುತ್ತೇನೆ. ಚುಕ್ಕೆಗಳು ಬಿಡಿಯಾಗಿ ನಿಂತರೆ ಶಾಯಿ ಗೆದ್ದಿತು. ಹಾಳೆಯ ಹಿಂದೆ ತಿರುಗಿಸಿ ನೋಡುತ್ತೇನೆ, ಬಣ್ಣ ಇಳಿದಿಲ್ಲವಾದರೆ ಎರಡು ಬದಿಯೂ ಬರೆಯಬಹುದು. ಮಳೆಗಾಲದಲ್ಲಿ ಇನ್ನೊಮ್ಮೆ ಇದೇ ಪರೀಕ್ಷೆ, ಏಕೆಂದರೆ ತೇವ ಕುಡಿದ ಕಾಗದ ಶಾಯಿಯನ್ನು ಬೇರೆ ರೀತಿಯಲ್ಲಿ ಹೀರುತ್ತದೆ. ಬಿಸಿಲಿನ ಪರೀಕ್ಷೆಯೂ ಸುಲಭ: ಒಂದು ಹಾಳೆಯ ತುಂಬ ಬರೆದು, ಅರ್ಧಕ್ಕೆ ರಟ್ಟು ಮುಚ್ಚಿ, ತಿಂಗಳು ಕಿಟಕಿಯಲ್ಲಿಟ್ಟು ನೋಡಿ. ಮುಚ್ಚಿದ ಅರ್ಧ, ತೆರೆದ ಅರ್ಧ ಎರಡನ್ನೂ ಹೋಲಿಸಿದರೆ ಶಾಯಿಯ ಆಯುಷ್ಯ ತಾನೇ ತಿಳಿಯುತ್ತದೆ.

ಈಗ ಬಣ್ಣಕ್ಕೆ ಬರೋಣ. ಕಂಪ್ಯೂಟರಿನ ಪರದೆಯ ಮೇಲೆ ಕಂಡ ಬಣ್ಣವನ್ನು ನಂಬಿ ಬಾಟಲಿ ತರಿಸುವುದು, ಫೋಟೋ ನೋಡಿ ಸೀರೆ ತರಿಸಿದ ಹಾಗೆ. ಸೈಲರ್ ಕಂಪನಿ 2018ರಲ್ಲಿ ಇಂಕ್ ಸ್ಟುಡಿಯೋ ಎಂದು ನೂರು ಬಣ್ಣಗಳ ಸಾಲು ತಂದಿತು. ಹೆಸರಿಲ್ಲ, ಬರೀ ಮೂರಂಕಿಯ ಸಂಖ್ಯೆ. ಅದರಲ್ಲಿ 123 ಎಂಬುದೊಂದಿದೆ. ಒಂದು ಕಾಗದದ ಮೇಲೆ ಬೂದಿ, ಇನ್ನೊಂದರ ಮೇಲೆ ತಿಳಿನೇರಳೆ, ಮತ್ತೊಂದರ ಮೇಲೆ ಅದರ ಅಂಚಿನಲ್ಲಿ ಹಸಿರು. ಒಂದೇ ಶಾಯಿಯೊಳಗೆ ಹಲವು ಬಣ್ಣ ಕರಗಿರುತ್ತವೆ, ಕಾಗದ ಹೀರುವ ಬಗೆಗೆ ತಕ್ಕಂತೆ ಒಂದೊಂದು ಒಂದೊಂದು ದೂರ ಹರಿದು ಬೇರೆಯಾಗುತ್ತದೆ. ಕೆಲವು ಶಾಯಿಗಳು ನುಣುಪು ಕಾಗದದ ಮೇಲೆ ದಟ್ಟವಾಗಿ ಒಣಗಿದಾಗ ಬೇರೊಂದು ಬಣ್ಣದ ಮಿರುಗು ಕೊಡುತ್ತವೆ, ಎರಡು ಬಣ್ಣದ ನೂಲಿನಲ್ಲಿ ನೇಯ್ದ ರೇಷ್ಮೆ ಸೀರೆಯನ್ನು ಓರೆಯಾಗಿ ಹಿಡಿದಂತೆ. ಅದೇ ಶಾಯಿ ಅಂಗಡಿಯ ಸಾದಾ ಕಾಗದದ ಮೇಲೆ ಬರೀ ನೀಲಿ. ಚಿತ್ರದಲ್ಲಿ ಕಂಡ ಮಿರುಗು ಆ ಕಾಗದದ್ದೂ ಹೌದು.

ಆದ್ದರಿಂದ ಮೊದಲು ಮಾದರಿ. ಎರಡು ಮಿಲಿಲೀಟರ್, ಐದು ಮಿಲಿಲೀಟರಿನ ಪುಟ್ಟ ಶೀಷೆಗಳಲ್ಲಿ ಶಾಯಿ ಮಾರುವ ಅಂಗಡಿಗಳು ನಮ್ಮ ದೇಶದಲ್ಲೂ ಇವೆ. ಎರಡು ಮಿಲಿಲೀಟರಿನಲ್ಲಿ ಮೂರು, ನಾಲ್ಕು ಸಲ ಪೆನ್ನು ತುಂಬಬಹುದು, ಒಂದು ತಿಂಗಳು ಜೊತೆಯಲ್ಲಿ ಬಾಳಿ ನೋಡಬಹುದು. ತಿಂಗಳಾದ ಮೇಲೂ ಬೇಕು ಅನ್ನಿಸಿದರೆ ಅದು ನಿಮ್ಮ ಶಾಯಿ. ಆಮೇಲೂ ಚಿಕ್ಕ ಬಾಟಲಿ ಇದೆಯೇ ನೋಡಿ. ಇರೋಶಿಝುಕು 50 ಮಿಲಿಲೀಟರಿನಲ್ಲೂ 15ರಲ್ಲೂ ಬರುತ್ತದೆ. ಸೈಲರ್‌ನ ಶಿಕಿಯೊರಿ ಸಾಲು 20 ಮಿಲಿಲೀಟರಿನದು.

ಇನ್ನು ತರಿಸಿಕೊಳ್ಳುವ ಮಾತು. ಈ ಮೂರು ಕಂಪನಿಗಳ ಸಾಮಾನ್ಯ ಶಾಯಿಗಳಲ್ಲಿ ಹಲವು ಭಾರತದಲ್ಲೇ ಸಿಗುತ್ತವೆ. ಮೊದಲು ಇಲ್ಲಿ ವಿಚಾರಿಸಿ. ಜಪಾನಿನ ಅಂಗಡಿಯಲ್ಲಿ ಬೆಲೆ ಅರ್ಧ ಎಂದು ಕಂಡು ಹಿಗ್ಗುವ ಮೊದಲು, ಮನೆ ಬಾಗಿಲಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ. ಬಾಟಲಿಯ ಬೆಲೆ, ಸಾಗಣೆಯ ವೆಚ್ಚ, ಯೆನ್ನನ್ನು ರೂಪಾಯಿಗೆ ತಿರುಗಿಸುವಾಗ ಬ್ಯಾಂಕು ಹಿಡಿಯುವ ಶುಲ್ಕ, ಕೊನೆಗೆ ಕಸ್ಟಮ್ಸ್ ಸುಂಕ. ಸುಂಕವನ್ನು ಬಾಟಲಿಯ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಸಾಗಣೆ, ವಿಮೆ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಅದರ ಮೇಲೆ ಜಿಎಸ್‌ಟಿ. ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದುಂಟು, ತರಿಸುವ ವಾರದಲ್ಲಿ ಇರುವ ದರವನ್ನೇ ನೋಡಿಕೊಳ್ಳಿ. ಒಟ್ಟು ಮೊತ್ತವನ್ನು ಮಿಲಿಲೀಟರಿನಿಂದ ಭಾಗಿಸಿ. ಆ ಒಂದು ಅಂಕಿ ಕೈಯಲ್ಲಿದ್ದರೆ ಇಲ್ಲಿ ಕೊಳ್ಳುವುದು ಮೇಲೋ ಅಲ್ಲಿಂದ ತರಿಸುವುದು ಮೇಲೋ ತಕ್ಷಣ ತಿಳಿಯುತ್ತದೆ.

ಉಡುಗೊರೆ ಎಂದು ಬರೆಸಿದರೆ ಸುಂಕ ಇಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಆ ರಿಯಾಯಿತಿ 2019ರ ಡಿಸೆಂಬರಿನಲ್ಲೇ ಮುಗಿಯಿತು. ರಾಖಿ, ಜೀವರಕ್ಷಕ ಔಷಧ ಬಿಟ್ಟು ಉಳಿದ ಉಡುಗೊರೆಗಳಿಗೆ ಪೂರ್ತಿ ಸುಂಕ ಕಟ್ಟಬೇಕು. ಸುಳ್ಳು ಬೆಲೆ ಬರೆಯಿರಿ ಎಂದು ಅಂಗಡಿಯವರನ್ನು ಕೇಳಲೂಬಾರದು. ಅದು ಅವರ ಮರ್ಯಾದೆಗೂ ನಮ್ಮ ಮರ್ಯಾದೆಗೂ ಕುಂದು. ಕೊರಿಯರಿನಲ್ಲಿ ಬಂದರೆ ನಿಮ್ಮ ಗುರುತಿನ ದಾಖಲೆ ಕೇಳುತ್ತಾರೆ, ಸಿದ್ಧವಾಗಿಟ್ಟುಕೊಳ್ಳಿ. ಅಂಚೆಯಲ್ಲಿ ಬಂದರೆ ಸುಂಕದ ಹಣವನ್ನು ಪೋಸ್ಟ್‌ಮನ್ ಬಾಗಿಲಲ್ಲೇ ತೆಗೆದುಕೊಳ್ಳುವುದು ವಾಡಿಕೆ.

ಪ್ಯಾಕಿಂಗ್ ಬಗ್ಗೆ ಮುಂಚೆಯೇ ಕೇಳಿ. ಒಮ್ಮೆ ನನಗೆ ಬಂದ ಪೊಟ್ಟಣದ ಒಂದು ಮೂಲೆ ನೀಲಿಯಾಗಿತ್ತು. ಬಿಚ್ಚಿ ನೋಡಿದರೆ ಬಾಟಲಿ ಒಡೆದಿರಲಿಲ್ಲ, ಮುಚ್ಚಳ ಸಡಿಲಾಗಿ ಅರ್ಧದಷ್ಟು ಶಾಯಿ ರಟ್ಟಿಗೆ ಇಳಿದಿತ್ತು. ಜೊತೆಯಲ್ಲಿದ್ದ ನೋಟ್‌ಬುಕ್ಕು ನೆನೆದು ಹಲಗೆಯಂತಾಗಿತ್ತು. ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ. ಅಂದಿನಿಂದ ನಾನು ಮೂರು ವಿಷಯ ಬರೆದು ಕೇಳುತ್ತೇನೆ: ಮುಚ್ಚಳಕ್ಕೆ ಟೇಪು ಸುತ್ತುತ್ತೀರಾ? ಪ್ರತಿ ಬಾಟಲಿಯನ್ನೂ ಗಾಳಿಯಾಡದ ಚೀಲದಲ್ಲಿ ಹಾಕುತ್ತೀರಾ? ಸೋರಿದರೆ ಏನು ಮಾಡುತ್ತೀರಿ? ಮೂರನೆಯದಕ್ಕೆ ನೇರ ಉತ್ತರ ಕೊಡುವ ಅಂಗಡಿಯಿಂದ ಮಾತ್ರ ತರಿಸುತ್ತೇನೆ. ಪೊಟ್ಟಣ ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದೂ ಒಳ್ಳೆಯದು.

ನಿಮ್ಮ ಮಗನೋ ಮಗಳೋ ಗೆಳೆಯರೋ ಜಪಾನಿಗೆ ಹೋಗಿ ಬರುವವರಿದ್ದರೆ ಅದಕ್ಕಿಂತ ಸಲೀಸು ದಾರಿ ಇಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವ ದ್ರವಕ್ಕೆ ಸಾಮಾನ್ಯವಾಗಿ ಬಾಟಲಿಯೊಂದಕ್ಕೆ 100 ಮಿಲಿಲೀಟರ್ ಮಿತಿ, 50ರ ಬಾಟಲಿ ಅದರೊಳಗೇ ಬರುತ್ತದೆ. ಆದರೆ ಬೇರೆಯವರ ಪ್ರಯಾಣದ ಮೇಲೆ ಭಾರ ಹೇರಬಾರದು. ಒಂದು ಬಾಟಲಿ ಕೇಳಿ, ಎರಡನ್ನು ಕೇಳಬೇಡಿ.

ನಾವು ನಾಲ್ವರು ಗೆಳೆಯರು ಇನ್ನೊಂದು ದಾರಿ ಹಿಡಿದಿದ್ದೇವೆ. ವರ್ಷಕ್ಕೊಮ್ಮೆ ನಾಲ್ಕು ಬಾಟಲಿ ಕೂಡಿ ತರಿಸುತ್ತೇವೆ. ಸಾಗಣೆಯ ವೆಚ್ಚ ನಾಲ್ಕು ಪಾಲಾಗುತ್ತದೆ. ಭಾನುವಾರ ಒಬ್ಬರ ಮನೆಯಲ್ಲಿ ಸೇರಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು, ಔಷಧದ ಪುಟ್ಟ ಶೀಷೆಗಳಿಗೆ ಹಂಚಿಕೊಳ್ಳುತ್ತೇವೆ. ಪ್ರತಿಯೊಂದು ಶೀಷೆಯ ಮೇಲೂ ಹೆಸರು, ತಾರೀಕು. ಒಬ್ಬೊಬ್ಬರಿಗೂ ನಾಲ್ಕು ಬಣ್ಣ, ಯಾರಿಗೂ ಹೆಚ್ಚಿನ ಹೊರೆಯಿಲ್ಲ. ಊಟ ಮುಗಿಯುವ ಹೊತ್ತಿಗೆ ಎಲ್ಲರ ಬೆರಳಿಗೂ ನಾಲ್ಕು ಬಣ್ಣ ಹತ್ತಿರುತ್ತದೆ.

ಕಡಲಾಚೆಯಿಂದಲೇ ತರಿಸಬೇಕಾದ ಶಾಯಿ ಯಾವುದು ಎಂದು ಕೇಳಿದರೆ, ಬೇರೆಲ್ಲೂ ಸಿಗದ್ದು ಎನ್ನುತ್ತೇನೆ. ಜಪಾನಿನಲ್ಲಿ ಊರಿಗೊಂದು ಶಾಯಿ ಎಂಬ ಪದ್ಧತಿ ಬೆಳೆದಿದೆ. ಒಂದು ಅಂಗಡಿ ತನ್ನ ಊರಿನ ಬಣ್ಣವನ್ನು ಮಾಡಿಸಿ ತಾನೇ ಮಾರುತ್ತದೆ. ಇದರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವುದು ಕೋಬೆ. 1995ರ ಜನವರಿ 17ರ ಬೆಳಗಿನ ಜಾವ ಆ ಬಂದರು ನಗರದಲ್ಲಿ ಭೂಕಂಪವಾಯಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಊರು ಮತ್ತೆ ಎದ್ದು ನಿಂತ ಮೇಲೆ, ಅಲ್ಲಿಯ ನಾಗಸಾವಾ ಎಂಬ ಹಳೆಯ ಬರಹ ಸಾಮಗ್ರಿಯ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನಾವೊಯುಕಿ ತಾಕೆಉಚಿ ಅವರಿಗೆ, ಕಷ್ಟದಲ್ಲಿ ಕೈಹಿಡಿದವರಿಗೆ ಕೋಬೆಯ ಬಣ್ಣದಲ್ಲೇ ಕೃತಜ್ಞತೆಯ ಪತ್ರ ಬರೆಯಬೇಕು ಎಂಬ ಆಸೆ ಹುಟ್ಟಿತು. 2007ರಲ್ಲಿ ಮೊದಲ ಬಣ್ಣ ಬಂತು. ಊರಿನ ಬೆನ್ನಿಗೆ ನಿಂತಿರುವ ರೊಕ್ಕೋ ಬೆಟ್ಟದ ಹಸಿರು ಅದು. ಎರಡನೆಯದು ಹಡಗುಕಟ್ಟೆಯ ನೀಲಿ. ಮೂರನೆಯದು ವಿದೇಶಿ ವರ್ತಕರು ನೆಲೆಸಿದ್ದ ಹಳೆಯ ಬೀದಿಗಳ ಕಂದು. ಈಗ ಎಪ್ಪತ್ತಕ್ಕೂ ಹೆಚ್ಚು ಬಣ್ಣಗಳಿವೆ, ಒಂದೊಂದೂ ಕೋಬೆಯ ಒಂದು ಬೀದಿ, ಒಂದು ಗುಡ್ಡ, ಒಂದು ಕಡಲದಂಡೆ. ಕುಸಿದ ಊರನ್ನು ಜನ ಬಣ್ಣಗಳಲ್ಲಿ ನೆನಪಿಟ್ಟುಕೊಂಡ ಕಥೆ ಇದು. ಇಂಥ ಶಾಯಿಗಾಗಿ ಸಾಗಣೆ, ಸುಂಕ ಕೊಟ್ಟರೂ ಅದು ಸಾರ್ಥಕ ಎಂದು ನನ್ನ ನಂಬಿಕೆ.

ಮೊದಲು ಹೇಳಿದ ನಾಲ್ಕರಲ್ಲಿ ಒಂದು ಪ್ರಶ್ನೆ ಉಳಿಯಿತು: ಎಷ್ಟು ಬರೆಯುತ್ತೀರಿ? ಜಪಾನಿನ ಪೆನ್ನಿನ ಚಿಕ್ಕ ಫಿಲ್ಲರಿಗೆ ಸುಮಾರು ಅರ್ಧ ಮಿಲಿಲೀಟರ್ ಶಾಯಿ ಹಿಡಿಯುತ್ತದೆ. 50 ಮಿಲಿಲೀಟರಿನ ಬಾಟಲಿ ಎಂದರೆ ನೂರು ಸಲ ತುಂಬುವಷ್ಟು. ವಾರಕ್ಕೊಮ್ಮೆ ತುಂಬುವವರಿಗೆ ಒಂದು ಬಾಟಲಿ ಸುಮಾರು ಎರಡು ವರ್ಷ ಬರುತ್ತದೆ. ಆಸೆಯ ಭರದಲ್ಲಿ ಆರು ಬಾಟಲಿ ತರಿಸಿದರೆ ಹನ್ನೆರಡು ವರ್ಷದ ಬರಹವನ್ನು ಕಪಾಟಿನಲ್ಲಿ ಕೂಡಿಟ್ಟಂತೆ. ತೆರೆದ ಶಾಯಿ ವರ್ಷ ಕಳೆದಂತೆ ನೀರು ಆರಿ ಗಟ್ಟಿಯಾಗುತ್ತದೆ, ಕೆಲವಕ್ಕೆ ಬೂಸ್ಟು ಬರುತ್ತದೆ. ಬಳಸದೆ ಕೆಟ್ಟ ಶಾಯಿಯನ್ನು ಚೆಲ್ಲುವಾಗ ಆಗುವ ಸಂಕಟ ನನಗೆ ಗೊತ್ತು. ಅನ್ನ ಚೆಲ್ಲಿದಂತೆ ಅನ್ನಿಸುತ್ತದೆ.

ನನ್ನ ಮೇಜಿನ ಮೇಲಿನ ಖಾಲಿ ಬಾಟಲಿ ತ್ಸುಕಿಯೊ, ಬೆಳದಿಂಗಳ ರಾತ್ರಿ. ಹಸಿರು ಬೆರೆತ ಕಡುನೀಲಿ. ನಾನು ಕೊನೆಯ ಹನಿಯವರೆಗೆ ಬರೆದು ಮುಗಿಸಿದ ಮೊದಲ ಬಾಟಲಿ ಅದು. ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಕಿರಾಣಿ ಲೆಕ್ಕ, ದಿನಚರಿ, ತಂಗಿಗೆ ಪತ್ರಗಳು, ಇಂಥ ಭಾಷಣಗಳ ಕರಡು, ಎಲ್ಲವೂ ಅದರಲ್ಲಿ. ಕಡೆಗೊಂದು ಸಂಜೆ ಶಾಯಿ ತಳದ ಗುಳಿಗೆ ಇಳಿಯಿತು. ಬಾಟಲಿಯನ್ನು ಅಲುಗಾಡಿಸದೆ ನಿಬ್ಬನ್ನು ಗುಳಿಗೆ ಇಳಿಸಿ ಮೆಲ್ಲಗೆ ಎಳೆದೆ. ಕಾಲು ಫಿಲ್ಲರಿನಷ್ಟು ಬಂತು. ಒಂದು ಪತ್ರಕ್ಕೆ ಸಾಕು.

ಯಾರಿಗೆ ಎಂದು ಯೋಚಿಸುವ ಪ್ರಮೇಯ ಬರಲಿಲ್ಲ. ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಪತ್ರ ಒಂದಿತ್ತು. ಪ್ರಾಥಮಿಕ ಶಾಲೆಯ ಆ ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ, ಹಳ್ಳಿಯಲ್ಲೇ ಇದ್ದಾರೆ. ನೀವು ತಿದ್ದಿಸಿದ ಅಕ್ಷರದಿಂದಲೇ ಇಷ್ಟು ದಿನ ಬದುಕಿದೆ ಎಂದು ಬರೆದೆ. ನಡುವೆ ಪಾಠ ಎಂಬ ಶಬ್ದ ಬಂತು. ಅಲ್ಲಿ ಕೈ ನಿಧಾನ ಮಾಡಿದೆ. ಸಹಿ ಹಾಕುವಾಗ ಗೆರೆ ತೆಳುವಾಗುತ್ತ ಬಂದು, ಕೊನೆಯ ಅಕ್ಷರದ ಬಾಲದಲ್ಲಿ ಶಾಯಿ ಮುಗಿಯಿತು.

ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ನಡುಗುವ ಕೈಬರಹ, ನಾಲ್ಕೇ ಸಾಲು. ಕೊನೆಯ ಸಾಲಿನಲ್ಲಿ ಬರೆದಿದ್ದರು: ಠದ ಚುಕ್ಕೆ ಕನ್ನಡಕ ಇಲ್ಲದೆಯೂ ಕಂಡಿತು.